ಫಾರಂ ಪೆಟ್ಟಿಗೆಗೆ ಎಷ್ಟು ಸಿಎಸ್‌ಎಸ್ ಹಚ್ಚಬೇಕು?

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘಕ್ಕೆ ಸದಸ್ಯತ್ವದ ವೆಬ್ ಫಾರಂ ಮಾಡಿಕೊಟ್ಟಿದ್ದೆ. ಪೂರ್ತಿ ಕನ್ನಡದಲ್ಲಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ತಾಲ್ಲೂಕು, ಮೊಬೈಲ್ ನಂಬರ್, ಕೊನೆಗೆ ನಾಲ್ಕು ಚೆಕ್‌ಬಾಕ್ಸ್. ನನ್ನ ಲ್ಯಾಪ್‌ಟಾಪಿನಲ್ಲಿ ಅಂದವಾಗಿಯೇ ಕಾಣುತ್ತಿತ್ತು: 32 ಪಿಕ್ಸೆಲ್ ಎತ್ತರದ ತೆಳ್ಳನೆಯ ಪೆಟ್ಟಿಗೆಗಳು, ನವಿರಾದ ಬೂದು ಅಂಚು. ಎರಡನೇ ದಿನವೇ ಫೋನ್ ಬಂತು. "ಸಾರ್, ಲಕ್ಷ್ಮಮ್ಮ ಅಂತ ಟೈಪ್ ಮಾಡಿದ್ರೆ ಕೆಳಗಿನ ಒತ್ತು ಅರ್ಧ ಕಟ್ಟಾಗಿ ಹೋಗ್ತಿದೆ." ಮರುದಿನ ಇನ್ನೊಂದು: ಐಫೋನಿನಲ್ಲಿ ಪೆಟ್ಟಿಗೆ ಮುಟ್ಟಿದ ಕೂಡಲೇ ಇಡೀ ಪುಟ ದೊಡ್ಡದಾಗಿ ಪಕ್ಕಕ್ಕೆ ಜಾರುತ್ತದಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ.

ಅಲ್ಲಿಂದೀಚೆಗೆ ಯಾವ ಫಾರಂ ಕೈಗೆ ಬಂದರೂ ಬಣ್ಣಕ್ಕೆ ಮೊದಲು ಒಂದು ಲೆಕ್ಕ ಹಾಕುತ್ತೇನೆ: ಈ ಪೆಟ್ಟಿಗೆಯಲ್ಲಿ ಎಷ್ಟು ನನ್ನ ಕೈಯಲ್ಲಿ, ಅಂದರೆ ಪುಟದ ಬಣ್ಣ-ಅಳತೆಗಳನ್ನು ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ, ಇರಬೇಕು, ಎಷ್ಟನ್ನು ಬ್ರೌಸರ್‌ಗೇ ಬಿಡಬೇಕು? ಮುಂದೆ ಹೇಳುವ ಹೋಲಿಕೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಆಯ್ಕೆಗೆ ಮೊದಲು, ಆಯ್ಕೆಯಿಲ್ಲದ ಕೆಲಸ

ಪುಟದ ಉಳಿದ ಬರಹಕ್ಕೆ ನೀವು ಕೊಟ್ಟ ಫಾಂಟ್ ಇನ್‌ಪುಟ್ ಪೆಟ್ಟಿಗೆಯೊಳಕ್ಕೆ ತಾನಾಗಿ ಇಳಿಯುವುದಿಲ್ಲ. ಬ್ರೌಸರಿನ ಸ್ವಂತ ಸ್ಟೈಲ್‌ಶೀಟ್ (ಅದರದೇ ಸಿಎಸ್‌ಎಸ್ ನಿಯಮಗಳ ಪಟ್ಟಿ) ಅಲ್ಲಿ ಅಡ್ಡ ನಿಂತಿರುತ್ತದೆ. ಡೆಸ್ಕ್‌ಟಾಪ್ ಕ್ರೋಮಿನಲ್ಲಿ ಮುಟ್ಟದೆ ಬಿಟ್ಟ ಇನ್‌ಪುಟ್‌ಗೆ ಸಿಗುವುದು ಸುಮಾರು 13.33 ಪಿಕ್ಸೆಲ್ಲಿನ ಏರಿಯಲ್. ಹಲವು ಸಾಲು ಬರೆಯುವ ಟೆಕ್ಸ್ಟ್‌ಏರಿಯಾಗಂತೂ ಟೈಪ್‌ರೈಟರಿನಂಥ ಮಾನೋಸ್ಪೇಸ್. ಏರಿಯಲ್ಲಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಆಪಲ್‌ನ ಕನ್ನಡ ಫಾಂಟ್ ಓಡಿಬಂದು ಜಾಗ ತುಂಬುತ್ತವೆ. ನೀವು ಪುಟಕ್ಕೆಲ್ಲ ನೋಟೋ ಸ್ಯಾನ್ಸ್ ಕನ್ನಡ ಹಾಕಿದ್ದೀರಿ, ಬಳಕೆದಾರ ತನ್ನ ಹೆಸರು ಬರೆದಾಗ ಮಾತ್ರ ಬೇರೆ ಮುಖ ಕಾಣುತ್ತದೆ. ಇನ್‌ಪುಟ್, ಸೆಲೆಕ್ಟ್ (ಡ್ರಾಪ್‌ಡೌನ್ ಪಟ್ಟಿ), ಟೆಕ್ಸ್ಟ್‌ಏರಿಯಾ, ಬಟನ್ ನಾಲ್ಕಕ್ಕೂ ಫಾಂಟ್ ಇನ್‌ಹೆರಿಟ್ (ಸುತ್ತಲಿನ ಫಾಂಟನ್ನೇ ತಗೋ) ಎಂದು ಒಂದೇ ಸಾಲು ಬರೆದರೆ ಈ ತಾಪತ್ರಯ ಮುಗಿಯಿತು.

ಗಾತ್ರ 16 ಪಿಕ್ಸೆಲ್‌ಗಿಂತ ಕೆಳಗೆ ಇಳಿಯಬಾರದು. ಐಫೋನಿನ ಸಫಾರಿ ಅದಕ್ಕಿಂತ ಸಣ್ಣ ಅಕ್ಷರದ ಪೆಟ್ಟಿಗೆಯನ್ನು ಮುಟ್ಟಿದರೆ ಪುಟವನ್ನೇ ಹಿಗ್ಗಿಸುತ್ತದೆ. ನನ್ನ ಫಾರಂನಲ್ಲಿ ಆಗಿದ್ದು ಇದೇ. ನಾನು 14 ಕೊಟ್ಟಿದ್ದೆ. ಕೆಲವರು ಇದನ್ನು ತಪ್ಪಿಸಲು ಪುಟ ಪರದೆಗೆ ಹೇಗೆ ಹೊಂದಬೇಕೆಂದು ಹೇಳುವ ವ್ಯೂಪೋರ್ಟ್ ಮೆಟಾ ಸಾಲಿನಲ್ಲಿ ಜೂಮ್ ಅನ್ನೇ ನಿಷೇಧಿಸುತ್ತಾರೆ. ದಯವಿಟ್ಟು ಬೇಡ. ಚಾಳೀಸು ಬಂದವರ ಕಷ್ಟ ಅವರಿಗೇ ಗೊತ್ತು.

ಮೂರನೆಯದು ಅಗಲದ ಲೆಕ್ಕ. ಟೆಕ್ಸ್ಟ್ ಇನ್‌ಪುಟ್ ಹುಟ್ಟಿನಿಂದ ಕಂಟೆಂಟ್-ಬಾಕ್ಸ್ (ಅಗಲವೆಂದರೆ ಒಳಗಿನ ಬರಹದ ಜಾಗ ಮಾತ್ರ), ಸೆಲೆಕ್ಟ್ ಮತ್ತು ಬಟನ್ ಬಾರ್ಡರ್-ಬಾಕ್ಸ್ (ಪ್ಯಾಡಿಂಗ್ ಎಂಬ ಒಳ ಅಂತರ, ಬಾರ್ಡರ್ ಎಂಬ ಅಂಚು ಎರಡೂ ಸೇರಿ). ಎರಡಕ್ಕೂ ಅಗಲ 100% ಕೊಟ್ಟರೆ ಇನ್‌ಪುಟ್ ಮಾತ್ರ ಪ್ಯಾಡಿಂಗ್ ಮತ್ತು ಬಾರ್ಡರಿನಷ್ಟು ಹೊರಗೆ ಚಾಚುತ್ತದೆ. ಎಲ್ಲವನ್ನೂ ಬಾರ್ಡರ್-ಬಾಕ್ಸ್ ಮಾಡಿಬಿಡಿ.

ಇನ್ನು ಎತ್ತರ. ಇಂಗ್ಲಿಷ್ ಡೆಮೊಗಳಿಂದ ನಕಲು ಮಾಡಿದ ಸಿಎಸ್‌ಎಸ್ ಮುಗ್ಗರಿಸುವುದು ಇಲ್ಲಿಯೇ. ಲ್ಯಾಟಿನ್ ಅಕ್ಷರಕ್ಕೆ ಗೆರೆಯ ಕೆಳಗೆ ಒಂದು ಸಣ್ಣ ಬಾಲವಿದ್ದರೆ ಹೆಚ್ಚು. ನಮ್ಮಲ್ಲಿ 'ಶ್ರೀರಂಗಪಟ್ಟಣ'ದ ಒತ್ತುಗಳು, 'ಶಾಸ್ತ್ರಿ'ಯಲ್ಲಿ ಒಂದರ ಕೆಳಗೊಂದು ಜೋತುಬಿದ್ದ ಎರಡು ಒತ್ತು, ಮೇಲೆ ಗುಡಿಸು. ಪೆಟ್ಟಿಗೆಗೆ ಹೈಟ್ ಎಂದು ಬಿಗಿಯಾದ ಅಳತೆ ಕೊಟ್ಟು, ಮೇಲೆ ಕೆಳಗೆ ಪ್ಯಾಡಿಂಗ್ ಕೂಡ ತುಂಬಿದರೆ ಒಳಗೆ ಉಳಿಯುವ ಜಾಗದಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಬಿಗಿ ಎತ್ತರದ ಬದಲು ಮಿನ್-ಹೈಟ್ (ಕನಿಷ್ಠ ಎತ್ತರ), ಜೊತೆಗೆ ಲೈನ್-ಹೈಟ್ (ಸಾಲಿನ ಎತ್ತರ) 1.5ರ ಸುತ್ತಮುತ್ತ ಕೊಡಿ. ಲೈನ್-ಹೈಟ್ ಕೊಡದೆ ಬಿಟ್ಟರೆ ಇನ್ನೊಂದು ವಿಚಿತ್ರ ನೋಡಬಹುದು: ಪ್ಲೇಸ್‌ಹೋಲ್ಡರ್ (ಖಾಲಿ ಪೆಟ್ಟಿಗೆಯಲ್ಲಿ ಕಾಣುವ ಸೂಚನೆ) ಇಂಗ್ಲಿಷಿನಲ್ಲಿದ್ದು, ಬಳಕೆದಾರ ಕನ್ನಡ ಬರೆಯತೊಡಗಿದಾಗ ಬದಲಿ ಫಾಂಟಿನ ಎತ್ತರಕ್ಕೆ ತಕ್ಕಂತೆ ಪೆಟ್ಟಿಗೆ ಒಂದೆರಡು ಪಿಕ್ಸೆಲ್ ಜಿಗಿಯುವುದುಂಟು.

ಅಗಲವನ್ನು ಅಕ್ಷರಗಳ ಲೆಕ್ಕದಲ್ಲಿ ಕೊಡುವ ಅಭ್ಯಾಸವೂ ಕನ್ನಡಕ್ಕೆ ಒಗ್ಗದು. ಸಿಎಸ್‌ಎಸ್‌ನ 'ಸಿಎಚ್' ಮಾನಕ್ಕೆ ಆಧಾರ ಸೊನ್ನೆ ಅಂಕಿಯ ಅಗಲ. ನಮ್ಮ 'ಯೋ' ಆಗಲಿ 'ಮೂ' ಆಗಲಿ ಅದಕ್ಕಿಂತ ಎಷ್ಟೋ ಅಗಲ. 20 ಸಿಎಚ್ ಅಗಲದ ಪೆಟ್ಟಿಗೆಯಲ್ಲಿ 20 ಕನ್ನಡ ಅಕ್ಷರ ಕೂರುವುದಿಲ್ಲ. (ಸಿಎಸ್‌ಎಸ್ ಅಲ್ಲದಿದ್ದರೂ ಇಲ್ಲೇ ಹೇಳಿಬಿಡುತ್ತೇನೆ: ಎಷ್ಟು ಬರೆಯಬಹುದೆಂದು ಮಿತಿ ಹಾಕುವ ಮ್ಯಾಕ್ಸ್‌ಲೆಂತ್ ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ, ಯೂನಿಕೋಡ್ ತುಣುಕುಗಳನ್ನು. 'ಕೃಷ್ಣಮೂರ್ತಿ' ನಮಗೆ 4 ಅಕ್ಷರ, ಬ್ರೌಸರ್‌ಗೆ 11. 'ಸ್ತ್ರೀ' ಒಂದೇ ಅಕ್ಷರಕ್ಕೆ 6. ಹೆಸರಿನ ಪೆಟ್ಟಿಗೆಗೆ 20ರ ಮಿತಿ ಹಾಕುವ ಮುನ್ನ ನಿಮ್ಮೂರಿನ ಅತಿ ಉದ್ದದ ಹೆಸರನ್ನೊಮ್ಮೆ ಟೈಪ್ ಮಾಡಿ ನೋಡಿ.)

ಯಾರನ್ನು ಹಿಡಿಯುವುದು: ಎಲಿಮೆಂಟ್, ಆಟ್ರಿಬ್ಯೂಟ್, ಕ್ಲಾಸ್

ಸಿಎಸ್‌ಎಸ್ ನಿಯಮ ಯಾರಿಗೆ ತಗಲಬೇಕೆಂದು ಹೇಳುವ ಭಾಗವೇ ಸೆಲೆಕ್ಟರ್. ಎಲಿಮೆಂಟಿನ ಹೆಸರಿಗೇ, ಅಂದರೆ ನೇರ 'ಇನ್‌ಪುಟ್' ಎಂಬುದಕ್ಕೇ ಸ್ಟೈಲ್ ಬರೆಯುವುದು ಅತಿ ಸುಲಭ. ತೊಂದರೆಯೇನೆಂದರೆ ಇನ್‌ಪುಟ್ ಎಂಬ ಒಂದೇ ಹೆಸರಿನಡಿ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಪ್ರಾಣಿಗಳಿವೆ. ಬರೆಯುವ ಪೆಟ್ಟಿಗೆಗೆಂದು ಕೊಟ್ಟ 100% ಅಗಲ ಚೆಕ್‌ಬಾಕ್ಸಿಗೂ, ರೇಡಿಯೊಗೂ, ಸಬ್‌ಮಿಟ್ ಬಟನ್ನಿಗೂ ತಗಲುತ್ತದೆ. ಚೆಕ್‌ಬಾಕ್ಸ್ ಪುಟದ ನಡುಮಧ್ಯೆ ತೇಲುತ್ತ, ಅದರ ಲೇಬಲ್ ಕೆಳಗೆಲ್ಲೋ ಬಿದ್ದಿರುವ ಫಾರಂ ನೋಡಿದ್ದರೆ ಕಾರಣ ಇದೇ ಎಂದುಕೊಳ್ಳಿ.

ಅದನ್ನು ತಪ್ಪಿಸಲು ಟೈಪ್ ಆಟ್ರಿಬ್ಯೂಟ್ (ಪೆಟ್ಟಿಗೆಯ ಜಾತಿ ಹೇಳುವ ಗುಣ) ಹಿಡಿಯುತ್ತಾರೆ: ಟೈಪ್ ಟೆಕ್ಸ್ಟ್ ಆಗಿದ್ದರೆ ಹೀಗೆ, ಇಮೇಲ್ ಆಗಿದ್ದರೆ ಹೀಗೆ. ಇದರಲ್ಲಿ ಎರಡು ಗುಂಡಿಗಳಿವೆ. ಟೈಪ್ ಬರೆಯದೇ ಬಿಟ್ಟ ಇನ್‌ಪುಟ್ ಟೆಕ್ಸ್ಟ್‌ನಂತೆಯೇ ನಡೆದುಕೊಂಡರೂ 'ಟೈಪ್ ಟೆಕ್ಸ್ಟ್' ಎಂಬ ಸೆಲೆಕ್ಟರ್ ಅದನ್ನು ಹಿಡಿಯುವುದಿಲ್ಲ, ಏಕೆಂದರೆ ಆ ಆಟ್ರಿಬ್ಯೂಟೇ ಅಲ್ಲಿಲ್ಲ. ಒಂದೇ ಫಾರಂನಲ್ಲಿ ಒಂದು ಪೆಟ್ಟಿಗೆ ಮಾತ್ರ ಬೋಳಾಗಿ ಕಂಡರೆ ಮೊದಲು ಇದನ್ನೇ ನೋಡಿ. ಎರಡನೆಯದು ತೂಕದ ಸಮಸ್ಯೆ: ಎರಡು ನಿಯಮ ಡಿಕ್ಕಿ ಹೊಡೆದರೆ ಭಾರದ ಸೆಲೆಕ್ಟರ್ ಗೆಲ್ಲುತ್ತದೆ. ಎಲಿಮೆಂಟ್ ಮತ್ತು ಆಟ್ರಿಬ್ಯೂಟ್ ಸೇರಿದ ಸೆಲೆಕ್ಟರ್ ಒಂಟಿ ಕ್ಲಾಸಿಗಿಂತ (ನಾವೇ ಇಡುವ ಗುಂಪಿನ ಹೆಸರು) ಭಾರ. ಮುಂದೆಂದೋ 'ತಪ್ಪು' ಎಂಬ ಕ್ಲಾಸ್ ಹಚ್ಚಿ ಅಂಚು ಕೆಂಪಾಗಲಿ ಎಂದರೆ ಆಗುವುದಿಲ್ಲ. ಹಳೆಯ ನಿಯಮವೇ ಗೆಲ್ಲುತ್ತದೆ. ಆಮೇಲೆ ಇಂಪಾರ್ಟೆಂಟ್ ಎಂಬ ಬ್ರಹ್ಮಾಸ್ತ್ರ, ಅದರ ಮೇಲೆ ಇನ್ನೊಂದು.

ನನ್ನ ಮತ ಕ್ಲಾಸಿಗೆ. ಬರೆಯುವ ಪೆಟ್ಟಿಗೆಗಳಿಗೆಲ್ಲ ಒಂದು ಕ್ಲಾಸ್, ಟಿಕ್ ಹಾಕುವವಕ್ಕೆ ಇನ್ನೊಂದು. ಪುಟದ ಮೂಲ ಬರಹವಾದ ಎಚ್‌ಟಿಎಂಎಲ್ ನಿಮ್ಮ ಕೈಯಲ್ಲಿಲ್ಲದಿದ್ದರೆ, ಉದಾಹರಣೆಗೆ ಯಾವುದೋ ಸಿಎಂಎಸ್ (ಪುಟ ಕಟ್ಟಿಕೊಡುವ ತಂತ್ರಾಂಶ) ಅಥವಾ ಪ್ಲಗಿನ್ ಫಾರಂ ಉಗುಳುತ್ತಿದ್ದರೆ, ಆಗ ಆಟ್ರಿಬ್ಯೂಟೇ ಗತಿ. ಅಂಥಲ್ಲಿ ಸೆಲೆಕ್ಟರನ್ನು 'ವೇರ್' ಎಂಬ ಸ್ಯೂಡೊ-ಕ್ಲಾಸಿನೊಳಗೆ (ಸೆಲೆಕ್ಟರಿನಲ್ಲಿ ಬರೆಯುವ ಸಿದ್ಧ ವಿಶೇಷ ಪದ) ಹಾಕಿ. ಅದರೊಳಗೆ ಏನೇ ಬರೆದರೂ ತೂಕ ಸೊನ್ನೆ. ನಾಳೆ ಯಾವ ಕ್ಲಾಸ್ ಬಂದರೂ ಸಲೀಸಾಗಿ ಮೇಲೆ ಕೂರುತ್ತದೆ.

ಎಷ್ಟು ಬಳಿಯುವುದು

ಬರೆಯುವ ಪೆಟ್ಟಿಗೆಗಳ ವಿಚಾರದಲ್ಲಿ ಹೆಚ್ಚು ಜಗಳವಿಲ್ಲ. ಬಾರ್ಡರ್, ಹಿನ್ನೆಲೆ, ಪ್ಯಾಡಿಂಗ್, ದುಂಡು ಮೂಲೆ, ಎಲ್ಲವನ್ನೂ ಬ್ರೌಸರ್‌ಗಳು ಒಪ್ಪಿಕೊಳ್ಳುತ್ತವೆ. ಒಂದೇ ಕಿರಿಕಿರಿ: ಟೆಕ್ಸ್ಟ್ ಇನ್‌ಪುಟ್‌ಗೆ ಬಿಫೋರ್, ಆಫ್ಟರ್ ಎಂಬ ಸ್ಯೂಡೊ-ಎಲಿಮೆಂಟ್ (ಸಿಎಸ್‌ಎಸ್‌ನಿಂದಲೇ ಹುಟ್ಟಿಸುವ ಹೆಚ್ಚುವರಿ ತುಣುಕು) ಅಂಟುವುದಿಲ್ಲ. ರೂಪಾಯಿ ಚಿಹ್ನೆಯನ್ನೋ ಭೂತಗನ್ನಡಿಯನ್ನೋ ಒಳಗೆ ಕೂರಿಸಬೇಕಾದರೆ ಹೊರಗೊಂದು ಹೊದಿಕೆ ಕಟ್ಟಿ, ಅಂಚನ್ನು ಆ ಹೊದಿಕೆಗೆ ಕೊಟ್ಟು, ಒಳಗಿನ ಪೆಟ್ಟಿಗೆಗೆ ಕರ್ಸರ್ ಬಂದಾಗ ಹತ್ತುವ ಫೋಕಸ್-ವಿದಿನ್‌ನಿಂದ ಬೆಳಗಿಸಿ.

ನಿಜವಾದ ಆಯ್ಕೆ ಎದುರಾಗುವುದು ಚೆಕ್‌ಬಾಕ್ಸ್, ರೇಡಿಯೊ, ರೇಂಜ್ ಸ್ಲೈಡರ್, ಡ್ರಾಪ್‌ಡೌನ್‌ಗಳಲ್ಲಿ. ಅಲ್ಲಿ ಮೂರು ದಾರಿ.

ಮೊದಲನೆಯದು ಆಕ್ಸೆಂಟ್-ಕಲರ್. ಒಂದೇ ಸಾಲಿನ ಸಿಎಸ್‌ಎಸ್. 2021ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಕ್ರೋಮ್ 93, ಫೈರ್‌ಫಾಕ್ಸ್ 92ಕ್ಕೆ ಬಂತು. 2022ರ ಮಾರ್ಚ್‌ನಲ್ಲಿ ಸಫಾರಿ 15.4ಕ್ಕೆ. ಚೆಕ್‌ಬಾಕ್ಸ್, ರೇಡಿಯೊ, ರೇಂಜ್, ಪ್ರೋಗ್ರೆಸ್ ನಾಲ್ಕಕ್ಕೂ ನಿಮ್ಮ ಬ್ರ್ಯಾಂಡಿನ ಬಣ್ಣ ಬಳಿಯುತ್ತದೆ, ಒಳಗಿನ ಟಿಕ್ ಗುರುತು ಬಿಳಿಯಿರಬೇಕೋ ಕಪ್ಪಿರಬೇಕೋ ಎಂಬುದನ್ನು ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ಆಕಾರ ಬದಲಿಸಲು ಆಗುವುದಿಲ್ಲ. ಹತ್ತರಲ್ಲಿ ಎಂಟು ಕೆಲಸಕ್ಕೆ ಇಷ್ಟೇ ಸಾಕು ಎನ್ನುವುದು ನನ್ನ ಅನುಭವ. ಡಿಸೈನರ್ ಒಪ್ಪದಿದ್ದರೆ ಒಂದು ಟೀ ಕುಡಿಸಿ ಒಪ್ಪಿಸಿ.

ಎರಡನೆಯದು ಅಪಿಯರೆನ್ಸ್ ನನ್. ಬ್ರೌಸರ್ ಬರೆದ ಚಿತ್ರವನ್ನು ಒರೆಸಿ ಖಾಲಿ ಚೌಕ ಇಟ್ಟುಕೊಂಡು, ಅದರ ಮೇಲೆ ನೀವೇ ಚಿತ್ರ ಬರೆಯುವುದು. ಕೀಬೋರ್ಡ್, ಸ್ಕ್ರೀನ್ ರೀಡರ್, ಫಾರಂ ಕಳಿಸುವಿಕೆ ಎಲ್ಲ ಹಾಗೆಯೇ ಉಳಿಯುತ್ತವೆ, ಒಳಗೆ ಇರುವುದು ಅಸಲಿ ಚೆಕ್‌ಬಾಕ್ಸೇ ಆದ್ದರಿಂದ. ಆದರೆ ಒರೆಸಿದ್ದನ್ನೆಲ್ಲ ಮತ್ತೆ ಬರೆಯುವ ಹೊಣೆ ನಿಮ್ಮದು: ಟಿಕ್ ಆದ ಸ್ಥಿತಿ, ಅರೆಬರೆ ಟಿಕ್ ಆದ ಸ್ಥಿತಿ, ನಿಷ್ಕ್ರಿಯ ಸ್ಥಿತಿ, ಫೋಕಸ್ ಬಂದ ಸ್ಥಿತಿ. ಇವುಗಳಲ್ಲಿ ಅರೆಬರೆ ಟಿಕ್ಕನ್ನು ಮರೆಯದವರನ್ನು ನಾನು ಇನ್ನೂ ಕಂಡಿಲ್ಲ, ನನ್ನನ್ನೂ ಸೇರಿಸಿ.

ರೇಂಜ್ ಸ್ಲೈಡರ್‌ಗೆ ಈ ದಾರಿ ಹಿಡಿದರೆ ಇನ್ನೊಂದು ಎಚ್ಚರ. ಅದರ ಗುಂಡಿಗೆ ವೆಬ್‌ಕಿಟ್ ಮೂಲದ ಬ್ರೌಸರ್‌ಗಳಲ್ಲಿ ಒಂದು ಹೆಸರು, ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು. ಎರಡನ್ನೂ ಅಲ್ಪವಿರಾಮ ಹಾಕಿ ಒಂದೇ ನಿಯಮದಲ್ಲಿ ಬರೆದರೆ, ಫೈರ್‌ಫಾಕ್ಸಿನ ಹೆಸರು ಕ್ರೋಮ್‌ಗೆ ಅರ್ಥವಾಗದೆ ಇಡೀ ನಿಯಮವನ್ನೇ ಕೈಬಿಡುತ್ತದೆ. ಒಂದೇ ಸ್ಟೈಲನ್ನು ಎರಡು ಸಲ ಬೇರೆ ಬೇರೆ ಬರೆಯಲೇಬೇಕು. ನೋಡಲು ದಡ್ಡತನ, ಆದರೂ ಅದೇ ಸರಿ.

ಮೂರನೆಯದು, ಅಸಲಿಯನ್ನು ಬಚ್ಚಿಟ್ಟು ಡಿವ್ ಎಂಬ ಬರಿ ಎಚ್‌ಟಿಎಂಎಲ್ ಡಬ್ಬಿಗಳಿಂದ ನಕಲಿ ಕಟ್ಟುವುದು. ಇದರ ಹಿಂದಿನ ಆಸೆ ಬಹುಪಾಲು ಡ್ರಾಪ್‌ಡೌನ್ ಮೇಲಿನದು. ಸೆಲೆಕ್ಟ್ ಮುಚ್ಚಿದ್ದಾಗ ಅದರ ಅಂಚು, ಹಿನ್ನೆಲೆಗಳನ್ನು ಬದಲಿಸಬಹುದು. ಬಿಚ್ಚಿಕೊಂಡಾಗ ಬರುವ ಪಟ್ಟಿ ಮಾತ್ರ ಬಹುಕಾಲ ಯಾರ ಮಾತೂ ಕೇಳುತ್ತಿರಲಿಲ್ಲ. ಹಾಗಾಗಿ ಜಾವಾಸ್ಕ್ರಿಪ್ಟಿನಲ್ಲಿ ಪಟ್ಟಿ ಕಟ್ಟುವ ನೂರಾರು ಲೈಬ್ರರಿಗಳು ಹುಟ್ಟಿದವು. ನನ್ನ ಸಹಕಾರ ಸಂಘದ ಫಾರಂನಲ್ಲೂ ತಾಲ್ಲೂಕಿನ ಪಟ್ಟಿಗೆ ಅಂಥದ್ದೊಂದನ್ನು ತಂದು ಹಾಕಿದ್ದೆ. ಫೋನಿನಲ್ಲಿ ಬೆರಳಿಗೆ ಸಿಗುವ ದೊಡ್ಡ ಸಿಸ್ಟಂ ಪಟ್ಟಿಯ ಜಾಗದಲ್ಲಿ ಒಂದು ಸಣ್ಣ ಕಿಟಕಿ, ಅದರೊಳಗೆ ಸ್ಕ್ರೋಲ್ ಮಾಡಿದರೆ ಹಿಂದಿನ ಪುಟ ಸರಿಯುತ್ತಿತ್ತು. ಕೀಬೋರ್ಡಿನಲ್ಲಿ 'ಚ' ಒತ್ತಿದರೆ ಚಾಮರಾಜನಗರಕ್ಕೆ ಹಾರುವ ಸೌಕರ್ಯವೂ ಹೋಯಿತು. ಬಾಣದ ಗುರುತೊಂದನ್ನು ಅಂದಗಾಣಿಸಲು ಇಷ್ಟೆಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತೆ.

ಇದೀಗ ನಾಲ್ಕನೆಯ ದಾರಿಯೊಂದು ತೆರೆದಿದೆ. 2025ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 135ರಿಂದ ಅಪಿಯರೆನ್ಸ್‌ಗೆ ಬೇಸ್-ಸೆಲೆಕ್ಟ್ ಎಂಬ ಬೆಲೆ ಕೊಟ್ಟರೆ ಬಿಚ್ಚಿದ ಪಟ್ಟಿಯೂ ಸಿಎಸ್‌ಎಸ್‌ಗೆ ಬಗ್ಗುತ್ತದೆ. ಆಯ್ಕೆಗಳ ಪಕ್ಕ ಚಿತ್ರವನ್ನೂ ಇಡಬಹುದು. ಇದು ಗೊತ್ತಿಲ್ಲದ ಬ್ರೌಸರ್‌ನಲ್ಲಿ ಹಳೆಯ ಸೆಲೆಕ್ಟೇ ಕಾಣುತ್ತದೆ, ಕೆಲಸ ನಿಲ್ಲುವುದಿಲ್ಲ. ಹೊಸದಾಗಿ ಲೈಬ್ರರಿ ಹುಡುಕುವ ಮೊದಲು ಇದನ್ನು ಪರೀಕ್ಷಿಸಿ. ಪಟ್ಟಿಯೊಳಗೆ ಹುಡುಕುವ ಸೌಲಭ್ಯ ನಿಜಕ್ಕೂ ಬೇಕು, ಆಯ್ಕೆಗಳು ನೂರು ದಾಟುತ್ತವೆ ಎಂಬ ಸಂದರ್ಭಕ್ಕೆ ಮಾತ್ರ ಮೂರನೆಯ ದಾರಿ ಇರಲಿ.

ತಾರೀಖು ಮತ್ತು ಫೈಲ್ ಇನ್‌ಪುಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈಲ್‌ನ ಬಟನ್‌ಗೆ ಫೈಲ್-ಸೆಲೆಕ್ಟರ್-ಬಟನ್ ಎಂಬ ಸ್ಯೂಡೊ-ಎಲಿಮೆಂಟ್ ಇದೆ, ಸಾಕು. ತಾರೀಖಿನ ಹೊರ ಅಂಚನ್ನಷ್ಟೇ ಬದಲಿಸಿ, ಒಳಗಿನ ಕ್ಯಾಲೆಂಡರನ್ನು ಅದರ ಪಾಡಿಗೆ ಬಿಡಿ.

ಫೋಕಸ್ ಬಂದಾಗ, ತಪ್ಪಾದಾಗ

ಔಟ್‌ಲೈನ್ ನನ್, ಅಂದರೆ ಫೋಕಸ್ ಬಂದ ಪೆಟ್ಟಿಗೆಯ ಸುತ್ತಲಿನ ಗೆರೆಯನ್ನು ತೆಗೆ ಎಂಬ ಸಾಲು. ಫಾರಂ ಸಿಎಸ್‌ಎಸ್‌ನಲ್ಲಿ ಇಷ್ಟು ಸಲ ನಕಲಾಗಿ ಇಷ್ಟು ಜನರಿಗೆ ತೊಂದರೆ ಕೊಟ್ಟ ಸಾಲು ಇನ್ನೊಂದಿರಲಿಕ್ಕಿಲ್ಲ. ಮೌಸ್ ಮುಟ್ಟದೆ ಟ್ಯಾಬ್ ಒತ್ತುತ್ತ ಹೋಗುವವರಿಗೆ ತಾವು ಯಾವ ಪೆಟ್ಟಿಗೆಯಲ್ಲಿದ್ದೇವೆ ಎಂದು ಹೇಳುವ ಗುರುತೇ ಆ ಗೆರೆ. ಬೇಡವೆಂದರೆ ಬದಲಿ ಕೊಡಬೇಕು. ಬದಲಿಯಾಗಿ ಬಾಕ್ಸ್-ಶ್ಯಾಡೊ ಒಂದನ್ನೇ ಕೊಟ್ಟವರು ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ: ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಸ್ಥಿತಿಯಲ್ಲಿ, ಅಂದರೆ ಫೋರ್ಸ್ಡ್-ಕಲರ್ಸ್ ಇದ್ದಾಗ, ನೆರಳುಗಳೆಲ್ಲ ಅಳಿಸಿಹೋಗುತ್ತವೆ. ಔಟ್‌ಲೈನನ್ನು ತೆಗೆಯದೆ ಪಾರದರ್ಶಕ ಬಣ್ಣ ಕೊಟ್ಟಿಡಿ. ಸಾಮಾನ್ಯವಾಗಿ ಕಾಣದು, ಹೈ ಕಾಂಟ್ರಾಸ್ಟ್‌ನಲ್ಲಿ ತಾನೇ ಬಣ್ಣ ಪಡೆದು ಎದ್ದುಬರುತ್ತದೆ.

ಫೋಕಸ್, ಫೋಕಸ್-ವಿಸಿಬಲ್ (ಗುರುತು ಬೇಕೆಂದು ಬ್ರೌಸರ್‌ಗೆ ಅನ್ನಿಸಿದಾಗ ಮಾತ್ರ ಹತ್ತುವುದು) ಎರಡರಲ್ಲಿ ಯಾವುದು ಎಂದರೆ, ಬರೆಯುವ ಪೆಟ್ಟಿಗೆಗೆ ಎರಡೂ ಒಂದೇ. ಮೌಸ್‌ನಿಂದ ಕ್ಲಿಕ್ಕಿಸಿದರೂ ಅಲ್ಲಿ ಫೋಕಸ್-ವಿಸಿಬಲ್ ಹತ್ತಿಕೊಳ್ಳುತ್ತದೆ. ವ್ಯತ್ಯಾಸ ಕಾಣುವುದು ಬಟನ್, ಚೆಕ್‌ಬಾಕ್ಸ್‌ಗಳಲ್ಲಿ. ಆದ್ದರಿಂದ ಎಲ್ಲ ಕಡೆ ಫೋಕಸ್-ವಿಸಿಬಲ್ ಬರೆದುಬಿಡಿ.

ತಪ್ಪು ತೋರಿಸುವುದರಲ್ಲಿ ಆಯ್ಕೆ ಸ್ಪಷ್ಟವಾಗಿದೆ. ಇನ್‌ವ್ಯಾಲಿಡ್ ಎಂಬ ಹಳೆಯ ಸ್ಯೂಡೊ-ಕ್ಲಾಸ್ ಪುಟ ತೆರೆದೊಡನೆ, ಇನ್ನೂ ಒಂದಕ್ಷರ ಬರೆಯುವ ಮೊದಲೇ, ಕಡ್ಡಾಯವಿರುವ ಖಾಲಿ ಪೆಟ್ಟಿಗೆಗಳನ್ನೆಲ್ಲ ಕೆಂಪಾಗಿಸುತ್ತದೆ. ಮನೆಗೆ ಬಂದವರನ್ನು ಹೊಸಿಲಲ್ಲೇ ಗದರಿದಂತೆ. ಯೂಸರ್-ಇನ್‌ವ್ಯಾಲಿಡ್ ಹಾಗಲ್ಲ, ಬಳಕೆದಾರ ಬರೆದು ಪೆಟ್ಟಿಗೆಯಿಂದ ಹೊರಬಂದ ಮೇಲೆ, ಅಥವಾ ಫಾರಂ ಕಳಿಸಲು ಹೊರಟಾಗ ಹತ್ತುತ್ತದೆ. ಫೈರ್‌ಫಾಕ್ಸಿಗೆ 2021ರಲ್ಲೇ ಬಂದಿತ್ತು, 2023ರಲ್ಲಿ ಸಫಾರಿ 16.5 ಮತ್ತು ಕ್ರೋಮ್ 119 ಸೇರಿಕೊಂಡವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121 ಬಂದ ಮೇಲೆ ಒಳಗಿರುವುದನ್ನು ನೋಡಿ ಹೊರಗಿನದನ್ನು ಹಿಡಿಯುವ 'ಹ್ಯಾಸ್' ಎಂಬುದೂ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ನಡೆಯುತ್ತದೆ. ಪೆಟ್ಟಿಗೆ ತಪ್ಪಿದ್ದರೆ ಅದರ ಹೊದಿಕೆಯನ್ನೂ ಲೇಬಲ್ಲನ್ನೂ ಬದಲಿಸಲು ಮೊದಲೆಲ್ಲ ಜಾವಾಸ್ಕ್ರಿಪ್ಟ್ ಬೇಕಿತ್ತು. ಈಗ ಸಿಎಸ್‌ಎಸ್ ಒಂದೇ ಸಾಕು. ಕೆಂಪು ಬಣ್ಣವೊಂದನ್ನೇ ನೆಚ್ಚಬೇಡಿ, ಜೊತೆಗೆ ಏನು ತಪ್ಪಾಗಿದೆ ಎಂಬ ಮಾತನ್ನೂ ಬರೆಯಿರಿ. ಬಣ್ಣ ಗುರುತಿಸಲಾಗದವರು ನಮ್ಮ ನಡುವೆಯೇ ಇದ್ದಾರೆ.

ಬಣ್ಣದ ಮಾತು ಬಂತು. ವೆಬ್ ಎಲ್ಲರಿಗೂ ಬಳಸಲು ಬರಲೆಂದು ಇರುವ ಮಾರ್ಗಸೂಚಿ, 2018ರ ಡಬ್ಲ್ಯೂಸಿಎಜಿ 2.1ರ ಪ್ರಕಾರ ಪೆಟ್ಟಿಗೆಯನ್ನು ಗುರುತಿಸಲು ಬೇಕಾದ ಅಂಚಿಗೂ ಹಿನ್ನೆಲೆಗೂ ಕನಿಷ್ಠ 3:1 ಹೊಳಪಿನ ವ್ಯತ್ಯಾಸ ಬೇಕು. ಪ್ಲೇಸ್‌ಹೋಲ್ಡರ್ ಸೇರಿದಂತೆ ಸಾಮಾನ್ಯ ಗಾತ್ರದ ಬರಹಕ್ಕೆ 4.5:1. ಬಿಳಿಯ ಮೇಲೆ 949494 ಎಂಬ ಸಂಕೇತದ ಬೂದು ಮೊದಲನೆಯದನ್ನೂ, 767676 ಎರಡನೆಯದನ್ನೂ ಹೆಚ್ಚುಕಡಿಮೆ ಗಡಿಯಲ್ಲೇ ದಾಟುತ್ತವೆ. ಇದಕ್ಕಿಂತ ತೆಳುವಾದ ಬೂದು, ನನ್ನ ಆ ನವಿರು ಅಂಚು ಸೇರಿ, ಮಟಮಟ ಮಧ್ಯಾಹ್ನ ಹೊಲದ ಬದಿಯಲ್ಲಿ ಫೋನ್ ಹಿಡಿದವನ ಕಣ್ಣಿಗೆ ಬೀಳುವುದಿಲ್ಲ.

ಫ್ರೇಮ್‌ವರ್ಕ್ ಇದ್ದರೆ

ಫ್ರೇಮ್‌ವರ್ಕ್ ಎಂದರೆ ಯಾರೋ ಬರೆದಿಟ್ಟ ಸಿದ್ಧ ಸಿಎಸ್‌ಎಸ್ ಕಟ್ಟು. ಅವುಗಳಲ್ಲಿ ಬೂಟ್‌ಸ್ಟ್ರಾಪ್ ಕ್ಲಾಸಿನ ದಾರಿಯದು. ಫಾರಂ-ಕಂಟ್ರೋಲ್, ಫಾರಂ-ಸೆಲೆಕ್ಟ್, ಫಾರಂ-ಚೆಕ್ ಎಂದು ಹಚ್ಚುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ಮರ್ಯಾದಸ್ಥ ಫಾರಂ ಸಿದ್ಧ. ಸಹಜ ಗಾತ್ರ 1 ರೆಮ್, ಅಂದರೆ 16 ಪಿಕ್ಸೆಲ್, ಐಫೋನ್ ತಕರಾರು ಮಾಡುವುದಿಲ್ಲ. ಚಿಕ್ಕ ಗಾತ್ರದ ಕ್ಲಾಸ್ ಬಳಸಿದಿರೋ 14ಕ್ಕೆ ಇಳಿದು ಜೂಮ್ ಮತ್ತೆ ಹಾಜರ್. ಅಂಚಿನ ಬಣ್ಣ ತೆಳು, ಫೋಕಸ್ ಗುರುತಿಗೆ ನೆರಳನ್ನೇ ನೆಚ್ಚಿಕೊಂಡಿದೆ. ಎರಡನ್ನೂ ನೀವೇ ಸರಿಪಡಿಸಿಕೊಳ್ಳಬೇಕು.

ಟೇಲ್‌ವಿಂಡ್ ತದ್ವಿರುದ್ಧ. ಅದರ ಪ್ರಿಫ್ಲೈಟ್ ಎಂಬ ಆರಂಭದ ನಿಯಮಗಳ ಗುಂಪು ಮೊದಲು ಎಲ್ಲವನ್ನೂ ಬೋಳಿಸುತ್ತದೆ, ಇನ್‌ಪುಟ್‌ನ ಅಂಚೇ ಮಾಯ. ಫಾಂಟ್ ಇನ್‌ಹೆರಿಟ್ ಮಾಡುವ ಕೆಲಸವನ್ನು ಮಾತ್ರ ನಿಮ್ಮ ಪರವಾಗಿ ಮಾಡಿಕೊಡುತ್ತದೆ. ಫಾರಂಗಳಿಗೆಂದೇ ಅವರದೊಂದು ಪ್ಲಗಿನ್ ಇದೆ. ಹಳೆಯ ಪ್ರಾಜೆಕ್ಟಿಗೆ ಹಾಕುವುದಾದರೆ ಅದರ ಕ್ಲಾಸ್ ವಿಧಾನ ಆರಿಸಿ, ಇಲ್ಲದಿದ್ದರೆ ಪುಟದ ಎಲ್ಲ ಇನ್‌ಪುಟ್‌ಗಳ ಮೇಲೂ ಕೈಯಾಡಿಸುತ್ತದೆ. ಐದು ಪೆಟ್ಟಿಗೆಯ ಒಂದೇ ಫಾರಂಗೆ ಇವೆರಡೂ ಬೇಕಿಲ್ಲ. ನಲವತ್ತು ಸಾಲಿನ ಕೈಬರಹದ ಸಿಎಸ್‌ಎಸ್ ಧಾರಾಳ.

ನನ್ನ ಆ ಫಾರಂ ಕೊನೆಗೆ ಹೀಗೆ ನಿಂತಿತು. ಹೆಸರಿನ ಪೆಟ್ಟಿಗೆಗಳಿಗೆ ಒಂದು ಕ್ಲಾಸ್, 16 ಪಿಕ್ಸೆಲ್, ಲೈನ್-ಹೈಟ್ 1.5, ಮಿನ್-ಹೈಟ್ 44. ತಾಲ್ಲೂಕಿಗೆ ಅಸಲಿ ಸೆಲೆಕ್ಟ್, ಅದೇ ಕ್ಲಾಸ್. ಚೆಕ್‌ಬಾಕ್ಸ್‌ಗಳಿಗೆ ಆಕ್ಸೆಂಟ್-ಕಲರ್, ಬೆರಳಿಗೆ ಸಿಗಲೆಂದು ಲೇಬಲ್ ಸುತ್ತ ಪ್ಯಾಡಿಂಗ್. ಮೊಬೈಲ್ ನಂಬರಿಗೆ ಟೈಪ್ ನಂಬರ್ ತೆಗೆದು ಟೆಲ್ ಹಾಕಿದೆ. ನಂಬರ್ ಇದ್ದಾಗ ಬಲಬದಿಯಲ್ಲಿ ಏಳುವ ಪುಟ್ಟ ಬಾಣಗಳನ್ನು ಬಚ್ಚಿಡಲು ಬರೆದಿದ್ದ ಸಿಎಸ್‌ಎಸ್ ಪೂರ್ತಿ ಕಸದ ಬುಟ್ಟಿಗೆ. ಫೈಲ್ ಅರ್ಧಕ್ಕಿಂತ ಚಿಕ್ಕದಾಯಿತು.

ಒಂದು ಫೋನ್ ಮಾತ್ರ ಆಮೇಲೂ ಬಂತು. "ಸಾರ್, ಹೆಸರು ತುಂಬಿದ ಬಾಕ್ಸ್ ಮಾತ್ರ ನೀಲಿ ಯಾಕೆ?" ಅದು ಕ್ರೋಮಿನ ಆಟೋಫಿಲ್. ಹಿಂದೆ ತುಂಬಿದ್ದನ್ನು ತಾನೇ ತುಂಬಿದಾಗ ಹಚ್ಚುವ ತಿಳಿನೀಲಿ ಹಿನ್ನೆಲೆ, ಅದನ್ನು ಬ್ಯಾಕ್‌ಗ್ರೌಂಡ್-ಕಲರ್‌ನಿಂದ ಅಳಿಸಲು ಬರುವುದಿಲ್ಲ. ಒಳಮುಖದ ದೊಡ್ಡ ಬಾಕ್ಸ್-ಶ್ಯಾಡೊ ಹಾಕಿ ಮುಚ್ಚುವ ಉಪಾಯ ನನಗೂ ಗೊತ್ತಿತ್ತು. ಮುಚ್ಚಲಿಲ್ಲ. "ಅದು ಬ್ರೌಸರ್ ತಾನೇ ತುಂಬಿದ್ದು, ಸರಿಯಿದೆಯಾ ನೋಡ್ಕೊಳ್ಳಿ ಅಂತ ಹೇಳ್ತಿದೆ" ಎಂದೆ. "ಓ, ಹಂಗಾ" ಎಂದು ಫೋನ್ ಇಟ್ಟರು.